ಕಿವಿಯ ಯಂತ್ರವೂ ಲೋಕದ ದೃಷ್ಟಿಯೂ

ಕಣ್ಣು ಮಂದವಾದವನು ಕನ್ನಡಕವನ್ನು ಧರಿಸಿದರೆ ಅದನ್ನು ಯಾರೂ ಕುಂದೆಂದೆಣಿಸುವುದಿಲ್ಲ. ಕೆಲವರಂತೂ ಪಾಂಡಿತ್ಯದ ಲಕ್ಷಣವೆಂದೇ ಭಾವಿಸುವರು. ಕಿವಿ ಮಂದವಾದವನು ಯಂತ್ರವನ್ನು ಧರಿಸಿದರೆ ಮಾತ್ರ ಲೋಕದ ನೋಟವು ಬೇರೆಯಾಗುವುದು. ಎರಡೂ ಜ್ಞಾನೇಂದ್ರಿಯಗಳೇ ಆಗಿರಲು ಈ ಭೇದವೇಕೆ? ಹಾಡು ಕೇಳುವ ಇಯರ್‌ಬಡ್ಡೇ ಶ್ರವಣೋಪಕರಣವಾಗಿ ಪರಿಣಮಿಸಿರುವ ಇಂದಿನ ದಿನದಲ್ಲಿ ಈ ಪ್ರಶ್ನೆಯು ವಿಚಾರಾರ್ಹವಾಗಿದೆ.

ಕಿವುಡಿನ ವಿಷಯವಾದ ಅನಾದರವು ಬಹು ಪ್ರಾಚೀನವಾದುದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹುಟ್ಟುಕುರುಡರನ್ನೂ ಹುಟ್ಟುಕಿವುಡರನ್ನೂ ಪಿತ್ರಾರ್ಜಿತದ ಪಾಲಿಗೆ ಅನರ್ಹರೆಂದು ಹೇಳಿ, ಅವರಿಗೆ ಅನ್ನವಸ್ತ್ರಗಳನ್ನು ಮಾತ್ರ ತಪ್ಪದೆ ಕೊಡಬೇಕೆಂದು ವಿಧಿಸಿತು. ಎಂದರೆ ಕನಿಕರವುಂಟು, ಹಕ್ಕಿಲ್ಲ. ಮಿತಾಕ್ಷರ ಪದ್ಧತಿಯವರ ಮಟ್ಟಿಗೆ 1928ರ ಕಾಯಿದೆಯಿಂದಲೂ, ಅನಂತರ ಹಿಂದೂಗಳೆಲ್ಲರಿಗೂ 1956ರ ಉತ್ತರಾಧಿಕಾರ ಕಾಯಿದೆಯಿಂದಲೂ ಈ ನಿರ್ಬಂಧವು ತೊಲಗಿತು. ಕಾಯಿದೆಯು ತಿದ್ದಿದುದನ್ನು ಜನರ ಮನಸ್ಸು ಅಷ್ಟು ಬೇಗ ತಿದ್ದಿಕೊಳ್ಳಲಿಲ್ಲ.

ಈ ಅನಾದರವು ನಮ್ಮ ದೇಶಕ್ಕೇ ಮೀಸಲಾದುದಲ್ಲ. ಸಂಗೀತವನ್ನೇ ಉಸಿರಾಗಿಸಿಕೊಂಡಿದ್ದ ಬೀಥೋವನ್ನನು 1802ರಲ್ಲಿ ತನ್ನ ಸೋದರರಿಗೊಂದು ಪತ್ರವನ್ನು ಬರೆದನು. ಜನರು ತನ್ನನ್ನು ಜನದ್ವೇಷಿಯೆಂದೂ ಹಟಮಾರಿಯೆಂದೂ ತಿಳಿದಿರುವರು, ಅದರ ಗುಪ್ತಕಾರಣವನ್ನು ಅವರು ಅರಿಯರು, ‘ನಾನು ಕಿವುಡ, ಗಟ್ಟಿಯಾಗಿ ಮಾತನಾಡಿ’ ಎನ್ನಲು ತನಗೆ ಬಾಯಿ ಬಾರದು ಎಂಬುದು ಅದರ ಸಾರಾಂಶ. ಆ ಪತ್ರವನ್ನು ಆತನು ಕಳುಹಿಸಲೇ ಇಲ್ಲ. 1827ರಲ್ಲಿ ಆತನು ತೀರಿಕೊಂಡ ಮೇಲೆ ಅದು ದೊರೆಯಿತು. ಕಿವುಡಿಗಿಂತಲೂ, ಕಿವುಡನ್ನು ಗರ್ವವೆಂದು ತಿಳಿದ ಲೋಕದ ಭ್ರಾಂತಿಯೇ ಆತನನ್ನು ಹೆಚ್ಚು ನೋಯಿಸಿತೆಂದು ತೋರುತ್ತದೆ.

ಇಂಥ ನಾಚಿಕೆಯಿಂದಲೇ ಶ್ರವಣೋಪಕರಣಗಳ ಇತಿಹಾಸವು ಬಹುಮಟ್ಟಿಗೆ ಮರೆಮಾಚುವ ಇತಿಹಾಸವಾಯಿತು. ಪೋರ್ಚುಗಲ್ಲಿನ ದೊರೆ ಆರನೆಯ ಜಾನನಿಗಾಗಿ 1819ರಲ್ಲಿ ಲಂಡನ್ನಿನ ರೈನನು ನಿರ್ಮಿಸಿದ ಆಸನದ ಟೊಳ್ಳು ತೋಳುಗಳ ತುದಿಯಲ್ಲಿ ಬಾಯ್ದೆರೆದ ಸಿಂಹದ ಮುಖಗಳಿದ್ದುವು. ಬಂದವರು ಮಂಡಿಯೂರಿ ಆ ಬಾಯೊಳಗೆ ಮಾತನಾಡಿದರೆ ಧ್ವನಿಯು ನಳಿಗೆಯ ಮೂಲಕ ದೊರೆಯ ಕಿವಿಗೆ ಮುಟ್ಟುತ್ತಿತ್ತು. ಶ್ರೀಮಂತರು ಬೀಸಣಿಗೆಯಲ್ಲಿಯೂ ಟೋಪಿಯಲ್ಲಿಯೂ ಉಪಕರಣಗಳನ್ನು ಅಡಗಿಸುತ್ತಿದ್ದರು. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದಾಗ ಯಂತ್ರವು ಕನ್ನಡಕದ ಕಡ್ಡಿಯಲ್ಲಿ ಅಡಗಿತು. ಕಣ್ಣಿನ ಮರ್ಯಾದೆಯನ್ನು ಕಿವಿಯು ಕಡ ತಂದಿತು! ಈ ನಡುವೆ ಬೇರೆ ದಾರಿಯನ್ನು ಹಿಡಿದವಳು ಆಂಗ್ಲ ಲೇಖಿಕೆ ಹ್ಯಾರಿಯೆಟ್ ಮಾರ್ಟಿನೋ. ಈಕೆಯು ಸಭೆಯಲ್ಲಿ ಶ್ರವಣದ ಕಹಳೆಯನ್ನು ಬಹಿರಂಗವಾಗಿಯೇ ಹಿಡಿಯುತ್ತಿದ್ದಳು. ಮರೆಮಾಚದಿರಿ ಎಂದು ಕಿವುಡರಿಗೆ 1834ರಲ್ಲಿ ಪತ್ರರೂಪದ ಲೇಖನದಿಂದ ಬೋಧಿಸಿದಳು.

ಈಗ ಕಾಲಚಕ್ರವು ವಿಚಿತ್ರವಾಗಿ ತಿರುಗಿದೆ. ವೈದ್ಯರ ಚೀಟಿಯಿಲ್ಲದೆ ಶ್ರವಣೋಪಕರಣಗಳನ್ನು ಮಾರಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರಲ್ಲಿ ಅವಕಾಶವಿತ್ತಿತು. 2024ರ ಸೆಪ್ಟೆಂಬರಿನಲ್ಲಿ, ಆಪಲ್ ಕಂಪೆನಿಯ ಏರ್‌ಪಾಡ್ಸ್ ಪ್ರೊ ಎಂಬ ಇಯರ್‌ಬಡ್ಡುಗಳನ್ನು ಶ್ರವಣೋಪಕರಣವಾಗಿಸುವ ತಂತ್ರಾಂಶಕ್ಕೂ ಅನುಮತಿ ಕೊಟ್ಟಿತು. ಹದಿನೆಂಟು ತುಂಬಿದ, ಅಲ್ಪ ಅಥವಾ ಮಧ್ಯಮ ಪ್ರಮಾಣದ ಮಂದತೆಯುಳ್ಳವರಿಗೆ ಮಾತ್ರ ಇದು ಉದ್ದಿಷ್ಟವಾದುದು. ತೀವ್ರ ಕಿವುಡಿಗೆ ಇದು ಪರಿಹಾರವಲ್ಲ. ಯುವಕರೆಲ್ಲರ ಕಿವಿಯಲ್ಲಿಯೂ ಕಾಣುವ ವಸ್ತುವಾದುದರಿಂದ ಇದನ್ನು ಅಡಗಿಸಬೇಕಾಗಿಲ್ಲ. ಹಾಗಾದರೆ ನಾಚಿಕೆಯು ಮುಗಿಯಿತೇ? ಅದರ ಸ್ಥಾನದಲ್ಲಿ ಹೊಸ ಅಪವಾದವೊಂದು ಹುಟ್ಟಿದೆ. ಮದುವೆಯ ಮನೆಯಲ್ಲಿ ಇದನ್ನು ಧರಿಸಿ ಕುಳಿತವರನ್ನು ಕಂಡು, ‘ಹಿರಿಯರು ಮಾತನಾಡುತ್ತಿರುವಾಗ ಹಾಡು ಕೇಳುವ ಸೊಕ್ಕು ನೋಡಿ’ ಎನ್ನುವರು. ಮಾತನ್ನು ಕೇಳಲೆಂದೇ ಧರಿಸಿದುದು ಮಾತಿನ ತಿರಸ್ಕಾರವೆಂದು ಕಾಣುತ್ತದೆ! ಬೀಥೋವನ್ನನಿಗೆ ಹೊರಿಸಿದ ಆ ಗರ್ವದ ಆರೋಪವೇ ಮತ್ತೆ ಬಂದಿದೆ.

ಆದುದರಿಂದ ದೋಷವು ಯಂತ್ರದ ಆಕಾರದಲ್ಲಿಲ್ಲ; ವಿಚಾರಿಸದೆ ತೀರ್ಪು ಹೇಳುವ ನಮ್ಮ ಸ್ವಭಾವದಲ್ಲಿದೆ. ಧರಿಸಿದವರು ಮಾರ್ಟಿನೋಳಂತೆ ‘ಇದು ನನಗೆ ಕೇಳಿಸಲಿಕ್ಕಾಗಿ’ ಎಂದು ಒಂದು ಮಾತು ಹೇಳಿದರೆ ಅವರಿಗೆ ಹಗುರ. ಹಾಗೆ ಹೇಳುವುದು ಮಾತ್ರ ಅವರ ಋಣವಲ್ಲ. ಹೇಳದಿದ್ದರೂ ಕೆಟ್ಟದ್ದನ್ನು ಊಹಿಸದಿರುವುದು ನಮ್ಮ ಋಣ. ಮುಖಕ್ಕೆ ಮುಖವಿಟ್ಟು, ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡುವುದಕ್ಕೆ ಯಾವ ವೆಚ್ಚವೂ ಇಲ್ಲ. ಕನ್ನಡಕಕ್ಕೆ ಸಂದ ಮರ್ಯಾದೆಯು ಕಿವಿಯ ಯಂತ್ರಕ್ಕೂ ಸಲ್ಲುವ ದಿನವನ್ನು ಪ್ರತಿಯೊಂದು ಗೃಹವೂ ತನ್ನ ಜಗುಲಿಯಲ್ಲಿಯೇ ತರಬಲ್ಲುದು.