ಸ್ವಜನಕಾಳಗ (ಕಲ್ಲಡ್ಕ ಸುತ್ತಿನ ಕಥನ ಪರಂಪರೆ)

ಶಾಪ, ಶಪಥ, ಮಾಯೆ ಅಥವಾ ಗುರುತು ತಪ್ಪಿದ ಕಾರಣಕ್ಕೆ ವೀರನೊಬ್ಬ ತನ್ನ ಅಣ್ಣತಮ್ಮಂದಿರು, ತಂದೆಮಕ್ಕಳು, ಒಡೆಯ ಇಲ್ಲವೆ ಗೆಳೆಯನ ಮೇಲೆಯೇ ಆಯುಧ ಎತ್ತಬೇಕಾಗಿ ಬರುವ ಕಥಾವಸ್ತು. ಅಮೆರಿಕದ ಸೂಪರ್‌ಹೀರೋ ಕಥೆಗಳಲ್ಲಿ ಇದೇ ವಸ್ತು ‘ಮನಸ್ಸು ಪರವಶವಾದ ಗೆಳೆಯ’ನಾಗಿ ಬರುತ್ತದೆ; 2014ರ ಕ್ಯಾಪ್ಟನ್ ಅಮೆರಿಕ ಚಿತ್ರದ ವಿಂಟರ್ ಸೋಲ್ಜರ್ ಹೆಚ್ಚು ಜನ ಬಲ್ಲ ಉದಾಹರಣೆ. ಕಲ್ಲಡ್ಕವನ್ನು ನಡುವಿಟ್ಟುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಸುತ್ತಿದರೆ ಇದಕ್ಕೆ ಎರಡು ಬೇರುಗಳು ಸಿಗುತ್ತವೆ. ಒಂದು ಜೈನ ಕಾವ್ಯ, ಇನ್ನೊಂದು ಯಕ್ಷಗಾನ. ಯಕ್ಷಗಾನದ ಬಗ್ಗೆ ಬೇಕಾದಷ್ಟು ಬರೆಹ ಬಂದಿದೆ. ಕಾವ್ಯದ ಬೇರನ್ನು ಈ ವಸ್ತುವಿನ ಜೊತೆ ಇಟ್ಟು ನೋಡಿದ್ದು ಕಡಿಮೆ.

ಕನ್ನಡದಲ್ಲಿ ಇದರ ದೊಡ್ಡ ಮಾದರಿ ಪಂಪನ ಆದಿಪುರಾಣ (941). ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಊರ ಬಾಗಿಲಲ್ಲೇ ನಿಂತುಬಿಡುತ್ತದೆ, ಒಳಗೆ ಬರಲೊಲ್ಲದು. ತಮ್ಮಂದಿರು ಇನ್ನೂ ಮಣಿದಿಲ್ಲ ಎಂಬುದೇ ಕಾರಣ. ಅಣ್ಣನನ್ನು ತಮ್ಮನ ಮೇಲೆ ನೂಕಿದ್ದು ಹಗೆಯಲ್ಲ, ಗೆದ್ದವನನ್ನೇ ಆಳಾಗಿಸಿಕೊಂಡ ಒಂದು ಆಯುಧ. ಭರತ, ತಮ್ಮ ಬಾಹುಬಲಿ ಇಬ್ಬರೂ ಚರಮದೇಹಿಗಳು (ಅದೇ ಕೊನೆಯ ಜನ್ಮವಾದವರು), ಕಾಳಗದಲ್ಲಿ ಸಾಯುವವರಲ್ಲ, ಸತ್ತರೆ ಸೈನಿಕರು ಮಾತ್ರ ಎಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳನ್ನು ಗೊತ್ತುಮಾಡುತ್ತಾರೆ. ಎತ್ತರದ ಬಾಹುಬಲಿ ಮೂರರಲ್ಲೂ ಗೆಲ್ಲುತ್ತಾನೆ, ಗೆದ್ದು ವಿರಕ್ತನಾಗುತ್ತಾನೆ.

ಈ ಕಥೆಗೆ ಸ್ಥಳೀಯ ತಿರುವು ಕೊಟ್ಟವನು ಮೂಡುಬಿದಿರೆಯ ರತ್ನಾಕರವರ್ಣಿ. 16ನೆಯ ಶತಮಾನದ ಅವನ ಸಾಂಗತ್ಯ ಕಾವ್ಯ ಭರತೇಶವೈಭವದಲ್ಲಿ ಸೇನೆಗಳು ಎದುರುಬದುರಾಗುತ್ತವೆ, ಅಣ್ಣತಮ್ಮಂದಿರು ಅಂಗಳಕ್ಕಿಳಿಯುತ್ತಾರೆ, ಆದರೆ ಕಾಳಗ ಮಾತ್ರ ನಡೆಯುವುದಿಲ್ಲ. ಭರತ ಮೊದಲೇ ಸೋಲೊಪ್ಪಿ, ಮಾತಿನಲ್ಲೇ ತಮ್ಮನ ಮನಸ್ಸು ಕರಗಿಸುತ್ತಾನೆ. ಆರು ಶತಮಾನಗಳ ಪುರಾಣದ ನಡೆಯನ್ನು ಒಬ್ಬ ಕವಿ ಹೀಗೆ ತಡೆದು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಭರತನನ್ನು ಕಳಂಕದಿಂದ ಉಳಿಸುವ ಕವಿಯ ಹಟವೇ ಇದಕ್ಕೆ ಕಾರಣವೆಂದು ಹಲವು ವಿಮರ್ಶಕರ ಅಭಿಪ್ರಾಯ. ಈ ಕೃತಿಯನ್ನು ಆನೆಯ ಮೇಲೆ ಮೆರೆಸಲು ಜೈನ ಮಠದ ಭಟ್ಟಾರಕರು ಒಪ್ಪಲಿಲ್ಲ, ಒಂದೆರಡು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವೆಂದರು ಎಂಬ ಕಥೆ 19ನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆಯಿಂದ ಹಬ್ಬಿದ್ದು. ಈ ಆಕ್ಷೇಪವನ್ನು ಬಿಟ್ಟುಹೋದ ಕಾಳಗಕ್ಕೆ ಗಂಟುಹಾಕುವುದು ಆತುರ. ಕವಿ ಬದಲಿಸಿದ್ದು ಒಂದೆರಡು ಪದ್ಯಗಳನ್ನಲ್ಲ, ಇಡೀ ಸನ್ನಿವೇಶವನ್ನು. ಅಲ್ಲದೆ ದೇವಚಂದ್ರ ಬರೆದದ್ದು ಕವಿಯ ಕಾಲಕ್ಕೆ ಸುಮಾರು ಮುನ್ನೂರು ವರ್ಷ ಆಚೆ.

ಈ ಕಥೆಯ ಬಾಹುಬಲಿ ಇಲ್ಲಿ ಕಲ್ಲಿನಲ್ಲೂ ನಿಂತಿದ್ದಾನೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, 1604ರಲ್ಲಿ ಅಲ್ಲಿನ ಅರಸ ತಿಮ್ಮಣ್ಣ ಅಜಿಲ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಕಾರ್ಕಳದ ಅರಸ ತನ್ನೂರಿನ 1432ರ ಮೂರ್ತಿಯ ಹೆಸರು ಮಸುಕಾದೀತೆಂದು ದಂಡೆತ್ತಿ ಬಂದ, ಅಜಿಲ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದ ಎಂಬುದು ಐತಿಹ್ಯ. ಅಣ್ಣನನ್ನು ಗೆದ್ದೂ ವಿರಕ್ತನಾದವನ ಮೂರ್ತಿಗಾಗಿಯೇ ಒಂದೇ ಮತದ ನೆರೆಯ ಅರಸರು ಕಾದಾಡಿದರೆನ್ನುವುದು ವಿಡಂಬನೆ.

ಯಕ್ಷಗಾನದಲ್ಲಿ ಈ ವಸ್ತು ಹೆಚ್ಚಾಗಿ ಬಂದದ್ದು ಲಕ್ಷ್ಮೀಶನ ಜೈಮಿನಿ ಭಾರತದ ದಾರಿಯಲ್ಲಿ. ಬಭ್ರುವಾಹನ ಕಾಳಗ, ಸುಧನ್ವ ಕಾಳಗ, ತಾಮ್ರಧ್ವಜ ಕಾಳಗ ಎಲ್ಲವೂ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಕಥೆಗಳೇ. ಬಭ್ರುವಾಹನನ ಕಥೆಯಲ್ಲಿ ಗೊಂದಲವೊಂದಿದೆ. ವ್ಯಾಸಭಾರತದಲ್ಲಿ ಮಗನನ್ನು ತಂದೆಯ ಮೇಲೆ ಛೂ ಬಿಡುವವಳು ಮಲತಾಯಿ ಉಲೂಪಿ, ಅದೂ ಭೀಷ್ಮವಧೆಯ ಶಾಪದಿಂದ ಅರ್ಜುನನನ್ನು ಬಿಡಿಸಲೆಂದು. ಜೈಮಿನಿಯಲ್ಲಿ ಕಾಲಿಗೆರಗಲು ಬಂದ ಮಗನನ್ನು ಅರ್ಜುನನೇ ಹೀನಾಯವಾಗಿ ಜರೆದು ಒದೆಯುತ್ತಾನೆ. ಶಾಪ ಎರಡರಲ್ಲೂ ಉಂಟು. ಆದರೆ ಬಯಲಾಟದ ಪ್ರೇಕ್ಷಕ ಮರುಗುವುದು ಒದೆ ತಿಂದ ಮಗನಿಗೆ. ಎರಡನ್ನೂ ಬೆರೆಸಿ ಒಂದೇ ಕಥೆಯಾಗಿ ಹೇಳುವ ಸಾರಾಂಶಗಳು ಈ ವ್ಯತ್ಯಾಸವನ್ನು ಅಳಿಸಿಬಿಡುತ್ತವೆ.

ಕೃಷ್ಣಾರ್ಜುನ ಕಾಳಗದಲ್ಲಿ ಕಟ್ಟಿಹಾಕುವುದು ಮಾತು: ಗಂಧರ್ವ ಗಯನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ, ಕಾಯುವೆನೆಂದು ಅರ್ಜುನನ ಅಭಯ. ರಾಮಾಂಜನೇಯ ಕಾಳಗದಲ್ಲೂ ಒಬ್ಬನನ್ನು ಕೊಲ್ಲುವೆನೆಂದು ವಿಶ್ವಾಮಿತ್ರನಿಗೆ ರಾಮ ಕೊಟ್ಟ ಮಾತು, ಶರಣಾದ ಅವನಿಗೇ ಹನುಮನ ಅಭಯ. ಮೈರಾವಣ ಕಾಳಗದಲ್ಲಿ ಪಾತಾಳದ ಬಾಗಿಲು ಕಾಯುವವನು ಹನುಮನಿಗೆ ಮೀನಿನಲ್ಲಿ ಹುಟ್ಟಿದ ಮಗ. ಉಪ್ಪಿನ ಋಣಕ್ಕೆ ಅಪ್ಪನನ್ನೇ ತಡೆಯುತ್ತಾನೆ.

ಮಕ್ಕಳೆಂದರಿಯದೆ ರಾಮ ಯುದ್ಧಕ್ಕಿಳಿಯುವ ಕುಶಲವರ ಕಾಳಗ ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳ ಸಾಲಿಗೆ ಸೇರಿದ್ದು, ಹಾಗಾಗಿ ಕರ್ತೃತ್ವದ ಜಗಳಕ್ಕೂ ಪಾಲುದಾರ. ಶಿವರಾಮ ಕಾರಂತರು, 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ‘ಯಕ್ಷಗಾನ ಬಯಲಾಟ’ದ ಲೇಖಕರು, ಈ ಪ್ರಸಂಗಗಳು ಕುಂಬಳೆಯ ಸುಬ್ಬನವಲ್ಲ ಎಂದು ವಾದಿಸಿದರು, ಅವರ ದೃಷ್ಟಿ ಅಜಪುರ, ಅಂದರೆ ಬ್ರಹ್ಮಾವರದ ಕಡೆಗಿತ್ತು. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ಕುಂಬಳೆಯ ಪಕ್ಷ ಹಿಡಿದರು. ಬಂಟ್ವಾಳದ ಕಡೆಯ ಆಟದವರಿಗೆ ಈ ವಾದ ದೂರದ್ದು. ಅವರಿಗೆ ಸುಬ್ಬ ಕುಂಬಳೆಯವನೇ.

ಯಕ್ಷಗಾನದ್ದೇ ಕುಳಿತಾಡುವ ರೂಪವಾದ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಗಾಗಿ ಕಾಳಗವೆಲ್ಲ ಪಾತ್ರದ ಮಾತಾಡುವ ಅರ್ಥಧಾರಿಯ ನಾಲಿಗೆಗೆ ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ವಾಲಿ ಅಣ್ಣತಮ್ಮಂದಿರ ಜಗಳವನ್ನು ನ್ಯಾಯದ ಮೊಕದ್ದಮೆಯಾಗಿಸಿತು. ರತ್ನಾಕರನ ಭರತನಿಗೆ ಹತ್ತಿರದ ನೆಂಟ ಯಾರಾದರೂ ಇದ್ದರೆ ಅದು ಈ ಅರ್ಥಧಾರಿಯೇ: ಇಬ್ಬರಿಗೂ ಬಾಣಕ್ಕಿಂತ ಮೊದಲು ಮಾತು.

ಸಿನಿಮಾದಲ್ಲಿ ಶ್ರೀ ರಾಮಾಂಜನೇಯ ಯುದ್ಧ (1963), ಬಭ್ರುವಾಹನ (1977) ಎರಡರಲ್ಲೂ ರಾಜಕುಮಾರ್ ನಟಿಸಿದರು. ಎರಡನೆಯದರಲ್ಲಿ ತಂದೆಯೂ ಅವರೇ, ಮಗನೂ ಅವರೇ. ಇತ್ತ ಬೆಳಗಾಗುವ ತನಕ ನಡೆಯುತ್ತಿದ್ದ ಯಕ್ಷಗಾನದ ಆಟಗಳು ಈಚೆಗೆ ಕಾಲಮಿತಿಗೆ ಬಂದು ನಡುರಾತ್ರಿಯ ಹೊತ್ತಿಗೆ ಮುಗಿಯತೊಡಗಿವೆ. ಹಾಗೆ ಕಿರಿದಾದಾಗ ಉಳಿಯುವುದು ಕಾಳಗದ ಕುಣಿತ, ಮೊಟಕಾಗುವುದು ಅದಕ್ಕೆ ಮುಂಚಿನ ಸಂವಾದ.