ವಡಪಳನಿಯಿಂದ ಒಂದು ರೈಲು ಪರಿಕ್ರಮ: ಸ್ನೇಹಿತರ ಕಿರುಪ್ರವಾಸದ ಹಿಂದಿರುವ ಚರಿತ್ರೆ

ನಾಲ್ಕಾರು ಮಂದಿ ಸ್ನೇಹಿತರು ಒಂದೆಡೆ ಕಲೆತು, ದೊರೆತ ಐದಾರು ದಿನಗಳ ಬಿಡುವಿನಲ್ಲಿ ಹಲವು ಊರುಗಳನ್ನು ನೋಡಿಕೊಂಡು ಬರಬೇಕೆಂದು ಯೋಚಿಸುವುದು ಇಂದು ತೀರ ಸಾಮಾನ್ಯವಾದ ಸಂಗತಿ. ಎಲ್ಲಿ ಇಳಿಯುವುದು, ಎಲ್ಲಿ ತಂಗುವುದು, ಯಾವ ಗಾಡಿಯನ್ನು ಹಿಡಿಯುವುದು ಎಂದು ಅವರು ಚರ್ಚಿಸುವಾಗ, ತಮ್ಮ ಮುಂದಿರುವ ವೇಳಾಪಟ್ಟಿಯ ಹಿಂದೆ ದೀರ್ಘವಾದ ಚರಿತ್ರೆಯೊಂದು ಇದೆಯೆಂಬ ಭಾವನೆ ಬಹುಶಃ ಯಾರಿಗೂ ಬರುವುದಿಲ್ಲ. ಆದರೆ ಆ ಚರಿತ್ರೆಯನ್ನು ಬಲ್ಲವರ ಪ್ರವಾಸಕ್ಕೂ ಅರಿಯದವರ ಪ್ರವಾಸಕ್ಕೂ ಅಂತರವುಂಟು. ಚೆನ್ನೈ ನಗರದ ವಡಪಳನಿಯಿಂದ ಹೊರಟು ಕನ್ನಡನಾಡನ್ನು ಬಳಸಿ ಅಲ್ಲಿಗೇ ಹಿಂದಿರುಗುವ ಒಂದು ಪರಿಕ್ರಮವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ವಡಪಳನಿಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಆರ್ಕಾಟು ರಸ್ತೆಯ ಮೇಲಿರುವ ಈ ಬಡಾವಣೆ ಮುರುಗನ ದೇವಾಲಯಕ್ಕೆ ಎಷ್ಟು ಪ್ರಸಿದ್ಧವೋ ಚಲನಚಿತ್ರದ ಸ್ಟುಡಿಯೋಗಳಿಗೂ ಅಷ್ಟೇ ಪ್ರಸಿದ್ಧ. ಎ.ವಿ.ಎಂ., ವಿಜಯಾ ವಾಹಿನಿ ಮೊದಲಾದ ಸ್ಟುಡಿಯೋಗಳು ಬೆಳೆದ ಕಾಲದಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರಗಳಿಗೆ ಮದರಾಸೇ ನೆಲೆಯಾಗಿತ್ತು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಮೊದಲಾಗಿ ಅನೇಕ ಕನ್ನಡ ಚಿತ್ರಗಳು ಮದರಾಸಿನಲ್ಲಿ ಸಿದ್ಧವಾದವು. ನಟರು, ಸಾಹಿತಿಗಳು, ವಾದ್ಯಗಾರರು, ತಂತ್ರಜ್ಞರು ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಬಂದು ಇಲ್ಲಿ ಬಿಡಾರ ಹೂಡಿದರು. ಮುಂದೆ ಕನ್ನಡ ಚಿತ್ರೋದ್ಯಮ ಬೆಂಗಳೂರಿಗೆ ಹೋಯಿತು. ಉದ್ಯೋಗ, ವ್ಯಾಪಾರ, ಬಾಂಧವ್ಯಗಳ ನಿಮಿತ್ತ ಇಲ್ಲಿಯೇ ಉಳಿದ ಕನ್ನಡಿಗರಿಗೆ ತಾಯ್ನಾಡಿನೊಡನೆ ಸಂಬಂಧವನ್ನು ಕಾಪಾಡಿಕೊಟ್ಟದ್ದು ಮುಖ್ಯವಾಗಿ ರೈಲುಗಾಡಿಯೇ.

ಪ್ರಸ್ತುತ ಪರಿಕ್ರಮದ ದಾರಿ ಹೀಗಿದೆ: ಚೆನ್ನೈ ಸೆಂಟ್ರಲ್ಲಿನಿಂದ ಬೆಂಗಳೂರು, ಅಲ್ಲಿಂದ ಮೈಸೂರು, ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆ, ಅರಸೀಕೆರೆಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗದಗಿನ ಮಾರ್ಗವಾಗಿ ಹೊಸಪೇಟೆ, ಹೊಸಪೇಟೆಯಿಂದ ಬಳ್ಳಾರಿ, ಗುಂತಕಲ್ಲು, ಗುಂತಕಲ್ಲಿನಿಂದ ರೇಣಿಗುಂಟದ ಮೇಲೆ ಮರಳಿ ಚೆನ್ನೈ. ಒಟ್ಟು ದೂರ ಸಾವಿರದ ಆರುನೂರು ಕಿಲೋಮೀಟರುಗಳಿಗೆ ಸ್ವಲ್ಪ ಮೇಲೆ. ನಕ್ಷೆಯಲ್ಲಿ ನೋಡಿದರೆ ಯಾರೋ ಪ್ರವಾಸಿಗಳಿಗಾಗಿಯೇ ಎಳೆದ ವರ್ತುಲದಂತೆ ಇದು ಕಾಣುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಈ ವರ್ತುಲದ ಯಾವ ತುಂಡನ್ನೂ ವಿಹಾರಕ್ಕೆಂದು ಹಾಕಲಿಲ್ಲ.

ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಗಾಡಿ 1856ನೆಯ ಇಸವಿ ಜುಲೈ 1ರಂದು ರಾಯಪುರದಿಂದ ಆರ್ಕಾಟಿನ ಕಡೆಗೆ, ಎಂದರೆ ಈಗಿನ ವಾಲಾಜಾ ರೋಡ್ ನಿಲ್ದಾಣದವರೆಗೆ, ಓಡಿತು. ಅದನ್ನು ನಿರ್ಮಿಸಿದ ಮದರಾಸು ರೈಲ್ವೆ ಕಂಪೆನಿಯ ಹಳಿ ಜೋಲಾರಪೇಟೆಯಲ್ಲಿ ಕವಲೊಡೆದು 1864ರ ಆಗಸ್ಟಿನಲ್ಲಿ ಬೆಂಗಳೂರನ್ನು ಸೇರಿತು. ಅದು ಮುಟ್ಟಿದ್ದು ಪೇಟೆಯನ್ನಲ್ಲ, ದಂಡನ್ನು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಮದರಾಸಿನ ಬಂದರಿಗೂ ಬೆಂಗಳೂರಿನ ದಂಡಿಗೂ ಸಂಪರ್ಕ ಕಲ್ಪಿಸುವುದು ಅಂದಿನ ಸರ್ಕಾರಕ್ಕೆ ಅಗತ್ಯವಾಗಿತ್ತು. ವಾಯವ್ಯದ ಕಡೆ ಹೊರಟ ಇನ್ನೊಂದು ಹಳಿ ಗುಂತಕಲ್ಲನ್ನು ದಾಟಿ 1871ರಲ್ಲಿ ರಾಯಚೂರಿನ ಬಳಿ ಮುಂಬಯಿಯ ಕಡೆಯಿಂದ ಬಂದ ಹಳಿಯೊಡನೆ ಕೂಡಿಕೊಂಡಿತು. ಎರಡು ರಾಜಧಾನಿಗಳ ನಡುವೆ ಟಪಾಲೂ ಸರಕೂ ಸಾಗುವುದು ಅದರ ಉದ್ದೇಶ.

ವರ್ತುಲದ ಒಳಭಾಗಕ್ಕೆ ಕಾರಣವಾದುದು ಬೇರೊಂದು ಸಂಗತಿ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣದಲ್ಲಿ ಭೀಕರವಾದ ಕ್ಷಾಮ ತಲೆದೋರಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿಯ ಸೀಮೆಯ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. ದವಸ ಇರುವ ಕಡೆಯಿಂದ ಇಲ್ಲದ ಕಡೆಗೆ ಅದನ್ನು ವೇಳೆಗೆ ಸರಿಯಾಗಿ ಸಾಗಿಸುವ ದಾರಿ ಸಾಲದೆಂಬುದು ಆಗ ಮನದಟ್ಟಾಯಿತು. ಬೆಂಗಳೂರು–ಮೈಸೂರು ಹಳಿಯ ಮಣ್ಣುಕೆಲಸ ಕ್ಷಾಮಪೀಡಿತರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ ನಡೆಯಿತು. ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದ ಮರುವರ್ಷ, 1882ರಲ್ಲಿ, ಗಾಡಿ ಮೈಸೂರನ್ನು ತಲಪಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೇಲೆ ಹೋದ ಹಳಿ 1889ರಲ್ಲಿ ಹರಿಹರವನ್ನು ಮುಟ್ಟಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಬ್ಬಳ್ಳಿ, ಗದಗು, ಹೊಸಪೇಟೆ, ಬಳ್ಳಾರಿಗಳನ್ನು ಒಂದೇ ಸರಪಣಿಯಲ್ಲಿ ಪೋಣಿಸಿದ್ದೂ ಕ್ಷಾಮನಿವಾರಣೆಯ ಯೋಜನೆಯ ಅಂಗವಾಗಿಯೇ. ಮೈಸೂರು–ಹಾಸನ–ಅರಸೀಕೆರೆ ಹಳಿ ಮಾತ್ರ ತೀರ ಈಚಿನದು. ಅದು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912–1918) ಸಂಸ್ಥಾನವು ಕೈಗೊಂಡ ಕಾರ್ಯ. ಇಂದಿನ ಪ್ರವಾಸಿ ಕಿಟಕಿಯ ಬಳಿ ಕುಳಿತು ರಾಮನಗರದ ಬಂಡೆಗಳನ್ನೋ ಗದಗಿನ ಎರೆಹೊಲಗಳನ್ನೋ ನೋಡುವಾಗ, ಆ ಹಳಿಯ ಕೆಳಗಿನ ಏರಿಗಳಲ್ಲಿ ಹಸಿದವರು ಹೊತ್ತ ಮಣ್ಣು ಇದೆಯೆಂಬುದನ್ನು ಮರೆಯಬಾರದು.

ದಾರಿಗಳು ಸಿದ್ಧವಾದರೂ ಅವು ಒಂದಾಗಲಿಲ್ಲ. ಮದರಾಸು ಕಂಪೆನಿಯ ಹಳಿಗಳ ಅಗಲ ಐದೂವರೆ ಅಡಿ. 1870ರ ಸುಮಾರಿಗೆ ವೈಸರಾಯ್ ಮೇಯೋ ಅವರ ಆಡಳಿತ ವೆಚ್ಚವನ್ನು ಹಿಡಿತದಲ್ಲಿಡಲು ಒಂದು ಮೀಟರು ಅಗಲದ ಹಳಿಗಳನ್ನು ಅಂಗೀಕರಿಸಿತು. ಕ್ಷಾಮದ ತರುವಾಯ ಕನ್ನಡನಾಡಿನ ಒಳಭಾಗದಲ್ಲಿ ಹಾಕಿದ ಹಳಿಗಳು ಬಹುಮಟ್ಟಿಗೆ ಈ ಅಳತೆಯವು. ಇದರ ಪರಿಣಾಮವಾಗಿ ನಮ್ಮ ಪರಿಕ್ರಮ ಎರಡು ಕಡೆ ಮುರಿಯುತ್ತಿತ್ತು. ಮದರಾಸಿನಿಂದ ದೊಡ್ಡ ಗಾಡಿಯಲ್ಲಿ ಬಂದವರು ಬೆಂಗಳೂರಿನಲ್ಲಿ ಇಳಿದು ಮೀಟರ್‌ಗೇಜಿನ ಚಿಕ್ಕ ಗಾಡಿಯನ್ನು ಹಿಡಿಯಬೇಕು. ಅದರಲ್ಲಿಯೇ ಮೈಸೂರು, ಹುಬ್ಬಳ್ಳಿ, ಹೊಸಪೇಟೆಗಳನ್ನು ಸುತ್ತಿ, ಗುಂತಕಲ್ಲಿನಲ್ಲಿ ಮತ್ತೆ ಇಳಿದು ದೊಡ್ಡ ಗಾಡಿಯನ್ನು ಹತ್ತಬೇಕು. 1908ರಲ್ಲಿ ಮದರಾಸು ಮತ್ತು ಸದರ್ನ್ ಮರಾಠಾ ಕಂಪೆನಿಗಳು ಒಂದಾದವು. 1951ನೆಯ ಇಸವಿ ಏಪ್ರಿಲ್ 14ರಂದು ಆ ಕಂಪೆನಿ, ಸೌತ್ ಇಂಡಿಯನ್ ರೈಲ್ವೆ, ಮೈಸೂರು ರಾಜ್ಯ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆಯಾಯಿತು. ಯಜಮಾನಿಕೆ ಒಂದಾಯಿತೇ ಹೊರತು ಹಳಿ ಒಂದಾಗಲಿಲ್ಲ.

ಪ್ರಯಾಣಿಕರಿಗೆ ಇದು ದೊಡ್ಡ ತೊಡಕು. ಹಾಸಿಗೆ, ಪೆಟ್ಟಿಗೆ, ಕೂಜ, ಮಕ್ಕಳು ಎಲ್ಲವನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ನಿಲ್ದಾಣದಲ್ಲಿಯೇ ರಾತ್ರಿ ಕಳೆಯಬೇಕು. ಆದರೆ ಈ ತೊಡಕಿನಿಂದ ಒಂದು ಪ್ರಯೋಜನವೂ ಆಯಿತು. ಹೇಗಿದ್ದರೂ ಇಳಿಯಬೇಕಾದ ಊರಿನಲ್ಲಿ ಒಂದು ದಿನ ನಿಂತು ಹೋಗುವುದು ಅಂದಿನವರಿಗೆ ಸಹಜವಾಗಿತ್ತು. ನೆಂಟರ ಮನೆ, ಛತ್ರ, ದೇವಾಲಯಗಳು ಆ ನಿಲುಗಡೆಯ ಆಶ್ರಯಗಳು. ಕನ್ನಡಿಗರ ಪ್ರವಾಸಪ್ರಜ್ಞೆ ಇಂತಹ ನಿಲುಗಡೆಗಳಲ್ಲಿ ಬೆಳೆಯಿತು. ಹಂಪೆಯ ಯಾತ್ರೆಯನ್ನು ಕುರಿತ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ನಮ್ಮ ಹೊಸ ಪ್ರವಾಸಸಾಹಿತ್ಯದ ಆರಂಭದ ಕೃತಿಗಳಲ್ಲಿ ಒಂದಾಗಿರುವುದು ಇಲ್ಲಿ ಸ್ಮರಣೀಯ.

ದಾರಿಯಷ್ಟೇ ಮುಖ್ಯವಾದುದು ಬಿಡುವು. ನಾಲ್ವರು ಸ್ನೇಹಿತರು ಬೇರೆ ಬೇರೆ ಕಚೇರಿಗಳಲ್ಲಿದ್ದರೆ, ಅವರೆಲ್ಲರಿಗೂ ಏಕಕಾಲದಲ್ಲಿ ರಜೆ ಇಲ್ಲದೆ ಪ್ರವಾಸ ಸಾಧ್ಯವಾಗದು. ಇದಕ್ಕೆ ಆಧಾರವಾದುದು, ವಿಚಿತ್ರವಾಗಿ ತೋರಿದರೂ, ಹುಂಡಿ ಮತ್ತು ಚೆಕ್ಕುಗಳ ಕಾನೂನು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಶಾಸನದ 25ನೆಯ ವಿಧಿ, ಪಾವತಿಯ ದಿನ ಸಾರ್ವಜನಿಕ ರಜೆಯಂದು ಬಿದ್ದರೆ ಏನು ಮಾಡತಕ್ಕದ್ದೆಂಬುದನ್ನು ಹೇಳುತ್ತದೆ. ಭಾನುವಾರಗಳೂ ಸರ್ಕಾರ ಘೋಷಿಸಿದ ಇತರ ದಿನಗಳೂ ರಜೆಯೆಂದು ವಿವರಿಸುತ್ತದೆ. ಬ್ಯಾಂಕುಗಳ ರಜೆಯ ಪಟ್ಟಿ ಇಂದಿಗೂ ಇದನ್ನೇ ಅವಲಂಬಿಸಿದೆ. 1956ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ರಜೆಯ ಪ್ರಯಾಣದ ರಿಯಾಯಿತಿ ದೊರೆಯಿತು. 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆಯಾದವು. ಅಂತಹ ಎರಡು ದಿನಗಳಿಗೆ ನಾಲ್ಕು ದಿನಗಳ ರಜೆಯನ್ನು ಸೇರಿಸಿದರೆ ನಮ್ಮ ಪರಿಕ್ರಮಕ್ಕೆ ಬೇಕಾದ ಆರು ದಿನಗಳು ಒದಗುತ್ತವೆ.

ಮೂರನೆಯದು ಟಿಕೆಟ್ಟು. ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುವುದು ರೈಲ್ವೆ ದರದ ಹಳೆಯ ಸೂತ್ರ. ಆದ್ದರಿಂದ ಆರು ತುಂಡು ಟಿಕೆಟ್ಟುಗಳಿಗಿಂತ ಒಂದು ಉದ್ದನೆಯ ಟಿಕೆಟ್ಟು ಅಗ್ಗ. ಹೊರಟ ನಿಲ್ದಾಣಕ್ಕೇ ಮರಳುವವರಿಗಾಗಿ ಸರ್ಕ್ಯುಲರ್ ಜರ್ನಿ ಟಿಕೆಟ್ಟು ಎಂಬ ಏರ್ಪಾಡಿದೆ. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಅವೆರಡನ್ನೂ ಎರಡು ಪ್ರಯಾಣಗಳೆಂದು ಎಣಿಸಿ ದರವನ್ನು ಕಟ್ಟುತ್ತಾರೆ. ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿದು ನಿಲ್ಲಲು ಅವಕಾಶವಿದೆ. ಆದರೆ ಮಲಗುವ ಸ್ಥಳವನ್ನು ಒಂದೊಂದು ಹಂತಕ್ಕೂ ಪ್ರತ್ಯೇಕವಾಗಿ ಕಾದಿರಿಸಿಕೊಳ್ಳಬೇಕು. ಮನೆಯಲ್ಲಿ ಕುಳಿತೇ ಟಿಕೆಟ್ಟು ಕೊಳ್ಳುವ ಸೌಲಭ್ಯ 2002ರಲ್ಲಿ ಬಂದ ಮೇಲೆ ಜನ ತುಂಡು ಟಿಕೆಟ್ಟುಗಳಿಗೇ ಒಗ್ಗಿಹೋಗಿದ್ದಾರೆ. ಅಲ್ಲದೆ 2024ರ ನವೆಂಬರಿನಿಂದ ಮುಂಗಡ ಕಾದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಹೀಗಿರುವುದರಿಂದ ಎಲ್ಲಿ ಎಷ್ಟು ದಿನ ನಿಲ್ಲುವುದೆಂಬ ತೀರ್ಮಾನ ಎರಡು ತಿಂಗಳಿಗೆ ಮೊದಲೇ ಆಗಿರಬೇಕು. ಖರ್ಚಿನ ವಿಷಯದಲ್ಲಿಯೂ ಹಾಗೆಯೇ: ಸಮಾನವಾಗಿ ಹಂಚಿಕೊಳ್ಳುವ ವೆಚ್ಚ ಯಾವುದು, ಅವರವರದು ಯಾವುದು, ಕೊನೆಯ ಗಳಿಗೆಯಲ್ಲಿ ಒಬ್ಬರು ಬಾರದಿದ್ದರೆ ನಷ್ಟ ಯಾರದು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಒಬ್ಬರ ಕೈಯಲ್ಲಿ ಲೆಕ್ಕವನ್ನು ಬಿಡುವುದು ಸ್ನೇಹಕ್ಕೂ ಕ್ಷೇಮ.

1992ರಲ್ಲಿ ಆರಂಭವಾದ ಏಕಗೇಜು ಯೋಜನೆಯಿಂದ ಆ ದಶಕದಲ್ಲಿ ನಮ್ಮ ವರ್ತುಲದ ಚಿಕ್ಕ ಹಳಿಗಳು ದೊಡ್ಡವಾದವು. ಬೆಂಗಳೂರಿನಲ್ಲಿ ಗಾಡಿ ಬದಲಾಯಿಸುವ ಕಟ್ಟಳೆ ಇಲ್ಲವಾಯಿತು. 2022ರ ನವೆಂಬರಿನಿಂದ ವಂದೇ ಭಾರತ್ ಗಾಡಿ ಚೆನ್ನೈಯಿಂದ ನೇರವಾಗಿ ಮೈಸೂರಿಗೆ ಓಡುತ್ತಿದೆ. ವಡಪಳನಿಯವರು ಹಿಂದೆ ಕೋಡಂಬಾಕಂ ನಿಲ್ದಾಣಕ್ಕೆ ಹೋಗಿ, 1931ರಲ್ಲಿ ಆರಂಭವಾದ ವಿದ್ಯುತ್ ಗಾಡಿಯಲ್ಲಿ ಪಾರ್ಕ್ ನಿಲ್ದಾಣದವರೆಗೆ ಬಂದು, ರಸ್ತೆ ದಾಟಿ ಸೆಂಟ್ರಲ್ಲನ್ನು ಸೇರಬೇಕಾಗಿತ್ತು. 2015ರಲ್ಲಿ ವಡಪಳನಿಗೆ ಬಂದ ಮೆಟ್ರೋ 2018ರಲ್ಲಿ ಸೆಂಟ್ರಲ್ಲಿನವರೆಗೆ ಮುಂದುವರಿದಿದೆ. ಮನೆಯ ಬಳಿಯಿಂದ ಮೈಸೂರಿನವರೆಗೆ ಒಂದೇ ಬದಲಾವಣೆ ಸಾಕು.

ಇದು ನಿಸ್ಸಂದೇಹವಾಗಿ ಉಪಕಾರ. ಆದರೆ ನಿಲ್ಲಲೇಬೇಕಾದ ಊರುಗಳು ಇಲ್ಲವಾದಾಗ, ನಿಂತು ನೋಡಬೇಕಾದ ಊರುಗಳೂ ಕಣ್ಮರೆಯಾಗುವ ಸಂಭವವಿದೆ. ಚೆನ್ನೈಯಲ್ಲಿ ಹುಟ್ಟಿಬೆಳೆದ ಕನ್ನಡಿಗರ ಮಕ್ಕಳಲ್ಲಿ ಅನೇಕರಿಗೆ ಕನ್ನಡನಾಡು ಎಂದರೆ ಬೆಂಗಳೂರಿನ ಒಂದು ಮದುವೆಮಂಟಪ, ಹೆಚ್ಚೆಂದರೆ ಮೈಸೂರಿನ ಅರಮನೆ. ಅರಸೀಕೆರೆ, ಗದಗು, ಹೊಸಪೇಟೆಗಳು ಅವರಿಗೆ ಪಟ್ಟಿಯಲ್ಲಿನ ಹೆಸರುಗಳು ಮಾತ್ರ. ಹಿಂದೆ ಗೇಜು ಮಾಡಿಸುತ್ತಿದ್ದ ನಿಲುಗಡೆಯನ್ನು ಇಂದು ಪ್ರವಾಸಿಗಳೇ ತಿಳಿದು ಮಾಡಿಕೊಳ್ಳಬೇಕು. ಯೋಜನೆಯೆಂಬುದರ ತಿರುಳು ಇದೇ.

ಆರು ದಿನಗಳಲ್ಲಿ ಇದು ಅಸಾಧ್ಯವಲ್ಲ. ಮೊದಲ ದಿನ ಮೈಸೂರು. ಎರಡನೆಯ ದಿನ ಸೋಮನಾಥಪುರವನ್ನು ನೋಡಿಕೊಂಡು ಸಂಜೆ ಹಾಸನ. ಮೂರನೆಯ ದಿನ ಬೇಲೂರು, ಹಳೇಬೀಡು. ನಾಲ್ಕನೆಯ ದಿನ ಅರಸೀಕೆರೆಯ ಮೇಲೆ ಹುಬ್ಬಳ್ಳಿ. ಐದನೆಯ ದಿನ ಬೆಳಗ್ಗೆ ಹೊರಟು ಹೊಸಪೇಟೆ. ಆರನೆಯ ದಿನ ಹಂಪೆಯಲ್ಲಿ ಕಳೆದು ಗುಂತಕಲ್ಲಿನ ಮೇಲೆ ರಾತ್ರಿಯ ಪ್ರಯಾಣ. ಏಳನೆಯ ದಿನ ಚೆನ್ನೈ. ವಿಶ್ವಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಹಂಪೆಯೂ 2023ರಲ್ಲಿ ಸೇರಿದ ಮೂರು ಹೊಯ್ಸಳ ದೇವಾಲಯಗಳೂ ಈ ಒಂದೇ ವರ್ತುಲದ ಅಂಚಿನಲ್ಲಿವೆ. ದಂಡಿಗಾಗಿ, ಟಪಾಲಿಗಾಗಿ, ಕ್ಷಾಮದ ದವಸಕ್ಕಾಗಿ ಬೇರೆ ಬೇರೆ ಕಾಲದಲ್ಲಿ ಹಾಕಿದ ಹಳಿಗಳು ಇಂದು ಒಂದೇ ಅಳತೆಗೆ ಬಂದು, ನಾಲ್ವರು ಸ್ನೇಹಿತರ ಕಿರುಬಿಡುವಿಗೆ ಎಟುಕುವಂತಾಗಿವೆ. ಹಿಂದಿನವರಿಗೆ ಅನಿವಾರ್ಯವಾಗಿದ್ದುದನ್ನು ಇಂದಿನವರು ಇಚ್ಛೆಯಿಂದ ಮಾಡಿದರೆ, ವಡಪಳನಿಯ ಕನ್ನಡಿಗರಿಗೂ ಅವರ ಮಕ್ಕಳಿಗೂ ಈ ಊರುಗಳು ಮತ್ತೆ ಪರಿಚಿತವಾಗಬಲ್ಲವು.