ಮೂಸಿ ಪ್ರವಾಹ: ನೀರನ್ನು ಎಲ್ಲಿ ತಡೆಯಬೇಕು?

ನಿಜಾಮರ ಕಾಲದಲ್ಲಿ ನಮ್ಮ ಸುರಪುರಕ್ಕೂ ಹೈದರಾಬಾದೇ ರಾಜಧಾನಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಆ ನಗರಕ್ಕೆ ನುಗ್ಗಿ ಸಾವಿರಾರು ಜನರನ್ನು ಬಲಿ ಪಡೆಯಿತು. ಕಾರಣ ಮಳೆಯೊಂದೇ ಅಲ್ಲ. ನದಿಯ ಮೇಲ್ಭಾಗದ ಕೆರೆಗಳು ಒಂದರ ಹಿಂದೊಂದು ಒಡೆದಿದ್ದವು.

1909ರಲ್ಲಿ ನಿಜಾಮ ಸರಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಅವರನ್ನು. ನೀರನ್ನು ನಗರಕ್ಕೆ ಬರುವ ಮುಂಚೆಯೇ ತಡೆಯಬೇಕು ಎಂದರು ಅವರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಕುಡಿಯುವ ನೀರೂ ಸಿಕ್ಕಿತು.

ಆದರೂ 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನಲ್ಲಿ ಮತ್ತೆ ಕೆರೆ ಏರಿ ಒಡೆದು ಬಡಾವಣೆಗಳು ಮುಳುಗಿದವು. ಅಣೆಕಟ್ಟು ಕಟ್ಟಿದರೆ ಮುಗಿಯಲಿಲ್ಲ, ಸಣ್ಣ ಕೆರೆಗಳನ್ನೂ ಕಾಯಬೇಕು.

ನಾವು ಕೃಷ್ಣಾ ದಂಡೆಯವರು. ಬಸವಸಾಗರದಿಂದ ನೀರು ಬಿಟ್ಟಾಗಷ್ಟೇ ಎಚ್ಚರಾದರೆ ಸಾಲದು. ಮಳೆಗಾಲಕ್ಕೆ ಮುಂಚೆ ನಮ್ಮೂರ ಕೆರೆಯ ಏರಿ, ಕೋಡಿ ಒಮ್ಮೆ ನೋಡಿ ಬರೋಣ.